ಪ್ರೌಢಶಾಲೆಗಳಲ್ಲಿ ಭೂಗೋಳ ಬೋಧನೆ

ಪ್ರೌಢಶಾಲೆಗಳಲ್ಲಿ ಭೂಗೋಳ ಬೋಧನೆ ಎಂದರೆ ಸುಮಾರು 13ರಿಂದ 16 ವರ್ಷ ವಯಸ್ಸಿನ ವಿದ್ಯಾರ್ಥಿಗಳಿಗೆ ಭೂಮಿಯ ಮೇಲ್ಮೈ, ಅದನ್ನು ರೂಪಿಸುವ ನೈಸರ್ಗಿಕ ಶಕ್ತಿಗಳು ಹಾಗೂ ಆ ನೆಲದ ಮೇಲೆ ಮಾನವನು ಕಟ್ಟಿಕೊಂಡ ಬದುಕನ್ನು ಪರಿಚಯಿಸುವ ಶೈಕ್ಷಣಿಕ ಕಾರ್ಯ. ಈ ಹಂತದ ಪಾಠಗಳನ್ನು ಸಾಮಾನ್ಯವಾಗಿ ಪ್ರಾಕೃತಿಕ ಭೂಗೋಳ ಮತ್ತು ಮಾನವ ಭೂಗೋಳ ಎಂಬ ಎರಡು ಶಾಖೆಗಳಾಗಿ ವಿಂಗಡಿಸಲಾಗುತ್ತದೆ. ಪಠ್ಯಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಾಗಿ ಬರುತ್ತವೆಯಾದರೂ, ಒಂದು ಪ್ರದೇಶದ ಮಳೆ, ಮಣ್ಣು, ಇಳಿಜಾರುಗಳಿಗೂ ಅಲ್ಲಿನ ಬೆಳೆ, ಮನೆ, ವಲಸೆಗಳಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಯು ಸ್ವತಃ ಗುರುತಿಸಬಲ್ಲವನಾಗುವುದೇ ಬೋಧನೆಯ ಮುಖ್ಯ ಗುರಿ. ರಾಜಧಾನಿಗಳು, ನದಿಗಳು ಮತ್ತು ಖನಿಜಗಳ ಹೆಸರುಗಳನ್ನು ಕಂಠಪಾಠ ಮಾಡಿಸುವುದರಿಂದ ಮಾತ್ರ ಈ ಗುರಿ ಈಡೇರುವುದಿಲ್ಲ.

ವ್ಯಾಪ್ತಿ

ಪ್ರಾಕೃತಿಕ ಭೂಗೋಳವು ಶಿಲಾಗೋಳ, ವಾಯುಗೋಳ, ಜಲಗೋಳ ಮತ್ತು ಜೀವಗೋಳಗಳನ್ನು ಅಧ್ಯಯನ ಮಾಡುತ್ತದೆ. ಭೂಮಿಯ ಚಲನೆಗಳು, ಭೂಕಂಪ, ಜ್ವಾಲಾಮುಖಿ, ಶಿಲೆಗಳ ಶಿಥಿಲೀಕರಣ, ನದಿಯ ಕಾರ್ಯ, ವಾಯುಭಾರ, ಮಾರುತ, ಮಳೆ, ಸಾಗರ ಪ್ರವಾಹ, ಮಣ್ಣು ಮತ್ತು ಸಸ್ಯವರ್ಗ ಇದರ ವಿಷಯಗಳು. ಮಾನವ ಭೂಗೋಳವು ಜನಸಂಖ್ಯೆಯ ಹಂಚಿಕೆ, ವಲಸೆ, ಜನವಸತಿ, ನಗರೀಕರಣ, ಕೃಷಿ, ಕೈಗಾರಿಕೆ, ಸಾರಿಗೆ ಮತ್ತು ಸಂಪನ್ಮೂಲಗಳ ಬಳಕೆಯನ್ನು ಕುರಿತದ್ದು. ಮೊದಲನೆಯದು ವಿಜ್ಞಾನಕ್ಕೂ ಎರಡನೆಯದು ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಹತ್ತಿರವಾದವು. ನಕ್ಷೆಯು ಎರಡಕ್ಕೂ ಸಾಮಾನ್ಯವಾದ ಭಾಷೆ.

ಭೂಗೋಳದ ಪ್ರತಿಯೊಂದು ಪಾಠವೂ ಮೂರು ಮೂಲ ಪ್ರಶ್ನೆಗಳ ಸುತ್ತ ಬೆಳೆಯುತ್ತದೆ: ಅದು ಎಲ್ಲಿದೆ? ಅಲ್ಲಿಯೇ ಏಕಿದೆ? ಅಲ್ಲಿರುವುದರಿಂದ ಏನಾಗುತ್ತದೆ? ಮೊದಲ ಪ್ರಶ್ನೆಗೆ ನಕ್ಷೆಯೇ ಉತ್ತರ ಕೊಡುತ್ತದೆ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಎರಡೂ ಶಾಖೆಗಳ ಜ್ಞಾನ ಬೇಕಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಆಧುನಿಕ ಭೂಗೋಳಶಾಸ್ತ್ರಕ್ಕೆ ತಳಹದಿ ಹಾಕಿದವರೆಂದು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಮತ್ತು ಕಾರ್ಲ್ ರಿಟ್ಟರ್ ಅವರನ್ನು ಹೆಸರಿಸಲಾಗುತ್ತದೆ. ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನು ಏರುತ್ತಾ, ಎತ್ತರ ಹೆಚ್ಚಿದಂತೆ ಸಸ್ಯವರ್ಗ ಹೇಗೆ ಬದಲಾಗುತ್ತದೆ ಎಂಬುದನ್ನು ದಾಖಲಿಸಿದರು. ರಿಟ್ಟರ್ ನೆಲಕ್ಕೂ ಮಾನವ ಇತಿಹಾಸಕ್ಕೂ ಇರುವ ನಂಟಿಗೆ ಒತ್ತು ನೀಡಿದರು. ಇಬ್ಬರೂ 1859ರಲ್ಲಿ ನಿಧನರಾದರು.

ಬ್ರಿಟನ್ನಿನಲ್ಲಿ ಹಾಲ್‌ಫರ್ಡ್ ಮ್ಯಾಕಿಂಡರ್ 1887ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ನಿಸರ್ಗ ವಿಜ್ಞಾನಗಳಿಗೂ ಮಾನವಿಕ ವಿಷಯಗಳಿಗೂ ನಡುವೆ ಭೂಗೋಳವು ಸೇತುವೆಯಾಗಬೇಕೆಂದು ವಾದಿಸಿದರು. ಶಾಲಾ ಭೂಗೋಳ ಶಿಕ್ಷಕರಿಗಾಗಿ 1893ರಲ್ಲಿ ಅಲ್ಲಿ ಜಿಯಾಗ್ರಫಿಕಲ್ ಅಸೋಸಿಯೇಷನ್ ಸ್ಥಾಪನೆಯಾಯಿತು.

ಅದೇ ಕಾಲದಲ್ಲಿ ಒಂದು ಚರ್ಚೆಯೂ ಬೆಳೆಯಿತು. ಪ್ರಕೃತಿಯೇ ಮಾನವನ ಬದುಕನ್ನು ನಿರ್ಧರಿಸುತ್ತದೆ ಎಂಬ ನಿಲುವಿಗೆ ಪರಿಸರ ನಿಯತಿವಾದವೆಂದು ಹೆಸರು. ಫ್ರಾನ್ಸಿನ ಪಾಲ್ ವಿದಾಲ್ ದ ಲ ಬ್ಲಾಷ್ ಅವರ ಚಿಂತನೆಯಿಂದ ಬೆಳೆದ ಸಾಧ್ಯತಾವಾದವು, ಪ್ರಕೃತಿ ಅವಕಾಶಗಳನ್ನು ಮುಂದಿಡುತ್ತದೆ, ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಮಾನವನ ಕೈಯಲ್ಲಿದೆ ಎನ್ನುತ್ತದೆ. ಈ ಚರ್ಚೆ ಕೇವಲ ತಾತ್ವಿಕವಾದುದಲ್ಲ. ಬಿಸಿ ವಾಯುಗುಣದ ಜನರು ಸೋಮಾರಿಗಳು, ತಂಪು ನಾಡಿನವರು ಶ್ರಮಜೀವಿಗಳು ಎಂಬಂತಹ ಆಧಾರರಹಿತ ಮಾತುಗಳು ಒಂದು ಕಾಲದಲ್ಲಿ ನಿಯತಿವಾದದ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನೂ ಸೇರಿದ್ದವು. ವಸಾಹತು ಆಳ್ವಿಕೆಯನ್ನು ಸಮರ್ಥಿಸಲು ಇಂತಹ ಮಾತುಗಳು ಬಳಕೆಯಾದವು.

ಅಮೆರಿಕದಲ್ಲಿ 1984ರಲ್ಲಿ ಶಾಲಾ ಭೂಗೋಳಕ್ಕೆ ಐದು ವಿಷಯಸೂತ್ರಗಳನ್ನು ಸೂಚಿಸಲಾಯಿತು: ಸ್ಥಾನ, ಸ್ಥಳ, ಮಾನವ ಮತ್ತು ಪರಿಸರದ ಸಂಬಂಧ, ಚಲನೆ ಹಾಗೂ ಪ್ರದೇಶ. ಅಂತರರಾಷ್ಟ್ರೀಯ ಭೂಗೋಳ ಒಕ್ಕೂಟದ ಶಿಕ್ಷಣ ಆಯೋಗವು 1992ರಲ್ಲಿ ಭೂಗೋಳ ಶಿಕ್ಷಣದ ಅಂತರರಾಷ್ಟ್ರೀಯ ಸನ್ನದನ್ನು ಪ್ರಕಟಿಸಿತು.

ಭಾರತ ಮತ್ತು ಕರ್ನಾಟಕದ ಪಠ್ಯಕ್ರಮ

ಭಾರತದಲ್ಲಿ ಪ್ರೌಢಶಾಲಾ ಹಂತದ ಭೂಗೋಳವು ಸ್ವತಂತ್ರ ವಿಷಯವಾಗಿರದೆ ಸಮಾಜ ವಿಜ್ಞಾನದ ಒಂದು ಭಾಗವಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಪರೀಕ್ಷೆಗಾಗಿ ಮಾಹಿತಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಪರಿಕಲ್ಪನೆಗಳ ಗ್ರಹಿಕೆಗೆ ಒತ್ತು ನೀಡಬೇಕೆಂದು ಹೇಳಿತು. ಇದನ್ನು ಅನುಸರಿಸಿ ಎನ್‌ಸಿಇಆರ್‌ಟಿ 9 ಮತ್ತು 10ನೇ ತರಗತಿಗಳಿಗೆ 'ಸಮಕಾಲೀನ ಭಾರತ' ಎಂಬ ಅರ್ಥದ ಶೀರ್ಷಿಕೆಯಲ್ಲಿ ಭೂಗೋಳ ಪುಸ್ತಕಗಳನ್ನು ಹೊರತಂದಿತು. ಪ್ರಾಕೃತಿಕ ಹಾಗೂ ಮಾನವ ಭೂಗೋಳಗಳು ಪ್ರತ್ಯೇಕ ಪುಸ್ತಕಗಳಾಗುವುದು 11 ಮತ್ತು 12ನೇ ತರಗತಿಗಳಲ್ಲಿ.

ಕರ್ನಾಟಕ ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನಗಳು ಸೇರಿವೆ. ಭೂಗೋಳ ವಿಭಾಗದಲ್ಲಿ 8ನೇ ತರಗತಿಗೆ ಭೂಮಿ ಮತ್ತು ಅದರ ನಾಲ್ಕು ಗೋಳಗಳು, 9ನೇ ತರಗತಿಗೆ ಕರ್ನಾಟಕ, 10ನೇ ತರಗತಿಗೆ ಭಾರತ ಎಂಬ ಕ್ರಮವನ್ನು ಅನುಸರಿಸಲಾಗಿದೆ. ಇದರಿಂದ 8ನೇ ತರಗತಿಯಲ್ಲಿ ಕಲಿತ ಮಾರುತ, ಮಳೆಗಳ ತತ್ವವನ್ನು ಮರುವರ್ಷ ತಮ್ಮ ರಾಜ್ಯಕ್ಕೆ ಅನ್ವಯಿಸಿ ನೋಡುವ ಅವಕಾಶ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಹಿಂದಿನ ತರಗತಿಯ ಪಾಠವನ್ನು ನೆನಪಿಸದೆ ಹೊಸ ಅಧ್ಯಾಯ ಆರಂಭಿಸಿದರೆ ಈ ಅವಕಾಶ ಕೈತಪ್ಪುತ್ತದೆ.

ಪ್ರಾಕೃತಿಕ ಭೂಗೋಳದ ಬೋಧನೆ

ಪ್ರಾಕೃತಿಕ ಭೂಗೋಳದ ಅನೇಕ ತತ್ವಗಳನ್ನು ಶಾಲೆಯ ಅಂಗಳದಲ್ಲಿಯೇ ಪ್ರಯೋಗದ ಮೂಲಕ ತೋರಿಸಬಹುದು. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ.

ನೆರಳಿನ ಅಳತೆ: ಸಮತಟ್ಟಾದ ನೆಲದ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೇರವಾಗಿ ನಿಲ್ಲಿಸಿ, ಐದೈದು ನಿಮಿಷಕ್ಕೊಮ್ಮೆ ಅದರ ನೆರಳಿನ ತುದಿಯನ್ನು ಗುರುತು ಮಾಡಿದರೆ, ನೆರಳು ಅತಿ ಚಿಕ್ಕದಾಗುವ ಕ್ಷಣವೇ ಸ್ಥಳೀಯ ಮಧ್ಯಾಹ್ನ. ಆಗ ನೆರಳು ಉತ್ತರ ದಕ್ಷಿಣ ದಿಕ್ಕನ್ನು ತೋರಿಸುತ್ತದೆ. ಬೆಂಗಳೂರಿನಲ್ಲಿ ಈ ಕ್ಷಣವು ಗಡಿಯಾರದ 12 ಗಂಟೆಗೆ ಬರದೆ ಸರಾಸರಿ 12 ಗಂಟೆ 20 ನಿಮಿಷಕ್ಕೆ ಬರುತ್ತದೆ. ಭಾರತದ ಆದರ್ಶ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ್ದು, ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದೇ ಇದಕ್ಕೆ ಕಾರಣ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಬಲ್ಲರು.

ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಕೋಲಿಗೆ ನೆರಳೇ ಇರುವುದಿಲ್ಲ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ಉತ್ತರಕ್ಕೆ. ಸೂರ್ಯನ ಉತ್ತರಾಯಣ, ದಕ್ಷಿಣಾಯನಗಳ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ.

ವಿಷುವತ್ತಿನ ದಿನಗಳಾದ ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಸುಮಾರಿಗೆ ಎರಡು ಊರುಗಳ ಶಾಲೆಗಳು ಕೂಡಿ ಭೂಮಿಯ ಸುತ್ತಳತೆಯನ್ನೂ ಅಂದಾಜು ಮಾಡಬಹುದು. ಅಂದು ಮಧ್ಯಾಹ್ನ ಒಂದು ಮೀಟರ್ ಕೋಲಿನ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂ.ಮೀ., ವಿಜಯಪುರದಲ್ಲಿ ಸುಮಾರು 30 ಸೆಂ.ಮೀ. ಇರುತ್ತದೆ. ಈ ನೆರಳುಗಳಿಂದ ದೊರೆಯುವ ಕೋನಗಳ ವ್ಯತ್ಯಾಸ ನಾಲ್ಕು ಡಿಗ್ರಿಗಿಂತ ತುಸು ಕಡಿಮೆ. ಎರಡು ಊರುಗಳ ಅಕ್ಷಾಂಶಗಳ ಅಂತರವೂ ಅಷ್ಟೇ. ಅವುಗಳ ನಡುವಣ ಉತ್ತರ ದಕ್ಷಿಣ ಅಂತರ ಸುಮಾರು 430 ಕಿ.ಮೀ. ಆದುದರಿಂದ 360 ಡಿಗ್ರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ 40,000 ಕಿ.ಮೀ.ಗೆ ಹತ್ತಿರದ ಉತ್ತರ ಬರುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಅನುಸರಿಸಿದ ವಿಧಾನದ ತತ್ವವೂ ಇದೇ.

ಮಳೆಯ ಅಳತೆ: ನೇರ ಬದಿಗಳುಳ್ಳ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ಆಲಿಕೆಯಂತೆ ಬೋರಲಾಗಿ ಕೂರಿಸಿದರೆ ಸರಳ ಮಳೆಮಾಪಕ ಸಿದ್ಧವಾಗುತ್ತದೆ. ಅದನ್ನು ಮರ, ಗೋಡೆಗಳಿಂದ ದೂರವಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ದಾಖಲಿಸಬೇಕು. ಭಾರತೀಯ ಹವಾಮಾನ ಇಲಾಖೆ ಅನುಸರಿಸುವ ಸಮಯವೂ ಇದೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಸಮೀಕರಣ ತಿಳಿದ ವಿದ್ಯಾರ್ಥಿಗೆ ಮಳೆಯ ಅಂಕಿಗಳು ಮನೆಯ ಲೆಕ್ಕವಾಗುತ್ತವೆ. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವ ಊರಿನಲ್ಲಿಯೂ 100 ಚದರ ಮೀಟರ್ ಚಾವಣಿಯ ಮೇಲೆ 50,000 ಲೀಟರ್ ನೀರು ಬೀಳುತ್ತದೆ. ಜಲ ಜೀವನ್ ಮಿಷನ್ ನಿಗದಿಪಡಿಸಿದಂತೆ ತಲಾ ದಿನಕ್ಕೆ 55 ಲೀಟರ್ ಎಂದು ಹಿಡಿದರೆ, ಐವರ ಕುಟುಂಬದ ಆರು ತಿಂಗಳ ಬಳಕೆಗೆ ಇದು ಸಮ. ಆವಿಯಾಗಿಯೂ ಸೋರಿಯೂ ಹೋಗುವ ಪಾಲನ್ನು ಕಳೆದರೂ ಮಳೆನೀರು ಸಂಗ್ರಹದ ಮಹತ್ವ ಮನದಟ್ಟಾಗುತ್ತದೆ.

ಸಮೋನ್ನತಿ ರೇಖೆಗಳು: ಸಮುದ್ರ ಮಟ್ಟದಿಂದ ಸಮಾನ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ರೇಖೆಗಳು ವಿದ್ಯಾರ್ಥಿಗಳಿಗೆ ಕಠಿಣವೆನಿಸುವ ಪರಿಕಲ್ಪನೆ. ಜೇಡಿಮಣ್ಣಿನಿಂದ ಗುಡ್ಡದ ಮಾದರಿ ಮಾಡಿ, ಅದನ್ನು ಅಗಲವಾದ ಪಾತ್ರೆಯಲ್ಲಿಟ್ಟು, ಎರಡು ಸೆಂ.ಮೀ.ನಂತೆ ನೀರು ತುಂಬುತ್ತಾ ಪ್ರತಿ ಬಾರಿಯೂ ನೀರಿನ ಅಂಚಿನ ಗುಂಟ ಕಡ್ಡಿಯಿಂದ ಗೆರೆ ಎಳೆಯಬೇಕು. ನೀರನ್ನು ಚೆಲ್ಲಿ ಮೇಲಿನಿಂದ ನೋಡಿದಾಗ ಕಾಣುವ ಗೆರೆಗಳೇ ಸಮೋನ್ನತಿ ರೇಖೆಗಳು. ಕಡಿದಾದ ಕಡೆ ಅವು ಒತ್ತೊತ್ತಾಗಿಯೂ, ಇಳಿಜಾರು ಕಡಿಮೆಯಿರುವ ಕಡೆ ದೂರದೂರವಾಗಿಯೂ ಇರುತ್ತವೆ.

ಮಾನವ ಭೂಗೋಳದ ಬೋಧನೆ

ಮಾನವ ಭೂಗೋಳದ ಪಾಠಗಳು ಅಂಕಿಅಂಶಗಳ ಪಟ್ಟಿಯಾಗಿಬಿಡುವ ಅಪಾಯ ಹೆಚ್ಚು. ಅಂಕಿಯ ಹಿಂದಿನ ಕಾರಣವನ್ನು ಕೇಳುವುದು ಇದಕ್ಕೆ ಪರಿಹಾರ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಜನಸಾಂದ್ರತೆ ಚದರ ಕಿ.ಮೀ.ಗೆ 319. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದು ಸುಮಾರು 4,380, ಕೊಡಗಿನಲ್ಲಿ 135. ಮಳೆ, ಹಸಿರು, ನೀರು ಹೇರಳವಾಗಿರುವ ಕೊಡಗಿನಲ್ಲಿ ಜನರು ವಿರಳ. ದೊಡ್ಡ ನದಿಯೇ ಇಲ್ಲದ ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿನಲ್ಲಿ ಜನರು ದಟ್ಟ. ನೀರಿರುವಲ್ಲಿ ಜನರು ನೆಲಸುತ್ತಾರೆ ಎಂಬ ಸರಳ ಸೂತ್ರ ಇಲ್ಲಿ ಸಾಲದೆಂದು ವಿದ್ಯಾರ್ಥಿಗಳು ಗಮನಿಸುತ್ತಾರೆ. ಗುಡ್ಡಗಾಡಿನ ಇಳಿಜಾರು, ಅರಣ್ಯ, ಕಾಫಿ ತೋಟಗಳ ವಿಸ್ತಾರ ಒಂದೆಡೆ. ಆಡಳಿತ, ಕೈಗಾರಿಕೆ, ಶಿಕ್ಷಣ, ಉದ್ಯೋಗಗಳ ಸೆಳೆತ ಇನ್ನೊಂದೆಡೆ ಇವೆಯೆಂಬ ಉತ್ತರದತ್ತ ಚರ್ಚೆ ಸಾಗುತ್ತದೆ.

ವಲಸೆಯ ಪಾಠಕ್ಕೆ ತರಗತಿಯ ವಿದ್ಯಾರ್ಥಿಗಳ ಕುಟುಂಬಗಳೇ ಉತ್ತಮ ಆಕರ. ಅಜ್ಜ ಅಜ್ಜಿಯರ ಊರು, ತಂದೆ ತಾಯಿಯರ ಊರು, ಈಗ ನೆಲಸಿರುವ ಊರುಗಳನ್ನು ನಕ್ಷೆಯಲ್ಲಿ ಬಾಣದ ಗುರುತಿನಿಂದ ಜೋಡಿಸಿದರೆ ವಲಸೆಯ ದಿಕ್ಕು ಕಾಣುತ್ತದೆ. ಬರ, ಮದುವೆ, ಉದ್ಯೋಗ, ಅಣೆಕಟ್ಟಿನ ಮುಳುಗಡೆ ಮೊದಲಾದ ಕಾರಣಗಳನ್ನು ದೂಡುವ ಮತ್ತು ಸೆಳೆಯುವ ಅಂಶಗಳೆಂದು ವರ್ಗೀಕರಿಸಬಹುದು. ಇಂತಹ ಚಟುವಟಿಕೆಯಲ್ಲಿ ಯಾವುದೇ ಮಗುವಿನ ಕುಟುಂಬದ ಕಷ್ಟವು ತರಗತಿಯ ಮುಂದೆ ಪ್ರದರ್ಶನವಾಗದಂತೆ ಹೆಸರಿಲ್ಲದ ಚೀಟಿಗಳನ್ನು ಬಳಸುವುದು ಸೂಕ್ತ.

ಭೂಬಳಕೆಯ ಪಾಠಕ್ಕೆ ಶಾಲೆಯ ಸುತ್ತಣ ಒಂದು ಕಿ.ಮೀ. ಪ್ರದೇಶ ಸಾಕು. ಹೊಲ, ಬೀಳು, ಕೆರೆ, ಗೋಮಾಳ, ಮನೆ, ಅಂಗಡಿ, ರಸ್ತೆಗಳನ್ನು ಬೇರೆ ಬೇರೆ ಬಣ್ಣಗಳಿಂದ ಗುರುತಿಸಿದ ನಂತರ, ಮೂವತ್ತು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಏನಿತ್ತೆಂದು ಊರಿನ ಹಿರಿಯರನ್ನು ಕೇಳಿ ಎರಡನೆಯ ನಕ್ಷೆ ತಯಾರಿಸಲಾಗುತ್ತದೆ. ಎರಡು ನಕ್ಷೆಗಳ ನಡುವಣ ವ್ಯತ್ಯಾಸವೇ ಆ ಊರಿನ ಆರ್ಥಿಕ ಬದಲಾವಣೆಯ ಚರಿತ್ರೆ.

ಎರಡು ಶಾಖೆಗಳನ್ನು ಜೋಡಿಸುವ ಪಾಠಗಳು

ಪ್ರಾಕೃತಿಕ ಮತ್ತು ಮಾನವ ಅಂಶಗಳನ್ನು ಒಟ್ಟಿಗೆ ಬೋಧಿಸಲು ಒಂದು ನಿರ್ದಿಷ್ಟ ಪ್ರದೇಶವನ್ನು ಆರಿಸಿಕೊಳ್ಳುವುದು ಪರಿಣಾಮಕಾರಿ ಕ್ರಮ. ಕರ್ನಾಟಕದ ಕೆಲವು ಉದಾಹರಣೆಗಳನ್ನು ಇಲ್ಲಿ ಕೊಡಲಾಗಿದೆ.

ಆಗುಂಬೆಯಿಂದ ಚಳ್ಳಕೆರೆಗೆ: ಅರಬ್ಬಿ ಸಮುದ್ರದಿಂದ ಬೀಸುವ ನೈಋತ್ಯ ಮಾನ್ಸೂನ್ ಮಾರುತಗಳನ್ನು ಪಶ್ಚಿಮ ಘಟ್ಟಗಳು ತಡೆಯುತ್ತವೆ. ಮೇಲೇರಿದ ತೇವಭರಿತ ಗಾಳಿ ತಂಪಾಗಿ ಆರೋಹ ಮಳೆ ಸುರಿಯುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಹೆಚ್ಚು. ಅಲ್ಲಿಂದ ನೇರ ಅಂತರದಲ್ಲಿ 200 ಕಿ.ಮೀ.ಗೂ ಕಡಿಮೆ ದೂರದ, ಮಳೆಯ ನೆರಳಿನ ಪ್ರದೇಶದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅದು ಸುಮಾರು 500 ಮಿ.ಮೀ. ಮಾತ್ರ.

ಈ ಪ್ರಾಕೃತಿಕ ವ್ಯತ್ಯಾಸದ ಮಾನವ ಮುಖವನ್ನು ದಾರಿಯುದ್ದಕ್ಕೂ ಕಾಣಬಹುದು. ಮಲೆನಾಡಿನಲ್ಲಿ ನೀರು ಬೇಗ ಇಳಿದುಹೋಗುವ ಓರೆಯಾದ ಹೆಂಚಿನ ಮಾಡು, ಅಡಿಕೆ ತೋಟ, ಭತ್ತದ ಗದ್ದೆ, ಒಂದಕ್ಕೊಂದು ದೂರವಿರುವ ಒಂಟಿ ಮನೆಗಳು. ಬಯಲು ಸೀಮೆಯಲ್ಲಿ ಹಳೆಯ ಕಾಲದ ಮಣ್ಣಿನ ಮಾಳಿಗೆ ಮನೆಗಳು, ಕೆರೆ ಅಥವಾ ಬಾವಿಯ ಸುತ್ತ ಗುಂಪುಗೂಡಿದ ಊರು, ರಾಗಿ, ಜೋಳ, ಶೇಂಗಾ. ಚಳ್ಳಕೆರೆ ಭಾಗದ ಹುಲ್ಲುಗಾವಲುಗಳಲ್ಲಿ ಕುರಿ ಸಾಕಣೆ ಬೆಳೆದು, ಅದರಿಂದ ಕಂಬಳಿ ನೇಯ್ಗೆ ಹೆಸರಾಯಿತು. ಶೇಂಗಾ ಬೆಳೆಯಿಂದ ಎಣ್ಣೆ ಗಿರಣಿಗಳು ಬಂದವು. ಮಳೆ, ಹುಲ್ಲು, ಕುರಿ, ಉಣ್ಣೆ, ನೇಕಾರ, ಸಂತೆ ಎಂಬ ಈ ಸರಪಳಿಯಲ್ಲಿ ಮೊದಲ ಕೊಂಡಿಗಳು ಪ್ರಾಕೃತಿಕ ಭೂಗೋಳಕ್ಕೂ ಉಳಿದವು ಮಾನವ ಭೂಗೋಳಕ್ಕೂ ಸೇರಿವೆ.

ಮಂಡ್ಯ: ಮೇಲಿನ ಉದಾಹರಣೆಯೊಂದನ್ನೇ ಕಲಿತ ವಿದ್ಯಾರ್ಥಿ, ಮಳೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ನಿಯತಿವಾದದ ತೀರ್ಮಾನಕ್ಕೆ ಬರಬಹುದು. ಅದನ್ನು ತಿದ್ದಲು ಮಂಡ್ಯದ ಉದಾಹರಣೆ ಉಪಯುಕ್ತ. ಅಲ್ಲಿನ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ರಾಗಿಗೆ ಒಗ್ಗುವ ಬಯಲು ಅದು. 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟು ಮತ್ತು ವಿಶ್ವೇಶ್ವರಯ್ಯ ನಾಲೆಯಿಂದಾಗಿ ಭತ್ತ, ಕಬ್ಬು ಬಂದವು. 1933ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಮಳೆ ಬದಲಾಗಲಿಲ್ಲ, ಬೆಳೆ, ಊಟ, ಉದ್ಯೋಗ, ಭೂಮಿಯ ಬೆಲೆ ಬದಲಾದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಾವೇರಿ ನೀರಿನ ಹಂಚಿಕೆಯ ವಿವಾದ ತೀವ್ರವಾಗುವುದನ್ನು ಇದರೊಂದಿಗೆ ಬೋಧಿಸಿದರೆ, ಪ್ರಕೃತಿಯ ಮಿತಿಯನ್ನು ಮಾನವ ದಾಟಬಲ್ಲನಾದರೂ ಅದರಿಂದ ಪೂರ್ಣವಾಗಿ ಬಿಡುಗಡೆ ಹೊಂದಲಾರ ಎಂಬುದು ತಿಳಿಯುತ್ತದೆ.

ಪಾವಗಡ ಮತ್ತು ಬೆಂಗಳೂರು: ತುಮಕೂರು ಜಿಲ್ಲೆಯ ಪಾವಗಡ ಬರಪೀಡಿತ ತಾಲ್ಲೂಕು. ಬೆಳೆಗೆ ಶತ್ರುವೆನಿಸಿದ್ದ ಬಿಸಿಲೇ ಅಲ್ಲಿ ಸಂಪನ್ಮೂಲವಾಗಿ, ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ತಲೆಯೆತ್ತಿದೆ. ಬೆಂಗಳೂರು ನಗರಕ್ಕೆ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರಲಾಗುತ್ತದೆ. ಒಂದು ಲೋಟ ನೀರಿನ ಹಿಂದೆ ನದಿ, ಭೂಮಿಯ ಎತ್ತರ, ವಿದ್ಯುತ್ತು ಮತ್ತು ನಗರದ ಬೆಳವಣಿಗೆ ಎಲ್ಲವೂ ಸೇರಿರುವುದನ್ನು ಈ ಪಾಠ ತೋರಿಸುತ್ತದೆ.

ನಕ್ಷೆಯ ಕೌಶಲ

ನಕ್ಷೆಯನ್ನು ಓದುವುದು ಅಕ್ಷರ ಓದುವಷ್ಟೇ ಮೂಲಭೂತವಾದ ಕೌಶಲ. ಶೀರ್ಷಿಕೆ, ದಿಕ್ಕು, ಮಾನಕ, ಸಂಕೇತ ಸೂಚಿ ಇವುಗಳನ್ನು ಮೊದಲು ನೋಡುವ ಅಭ್ಯಾಸ ಬೆಳೆಸಬೇಕು. ತರಗತಿಯ ಕೊಠಡಿ, ಶಾಲೆ, ಊರು, ತಾಲ್ಲೂಕು, ರಾಜ್ಯ ಎಂಬ ಕ್ರಮದಲ್ಲಿ ನಕ್ಷೆಗಳನ್ನು ಬರೆಸುತ್ತಾ ಹೋದರೆ ಮಾನಕದ ಅರ್ಥ ತಾನಾಗಿ ತಿಳಿಯುತ್ತದೆ.

1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರಕಟಿಸುವ 1:50,000 ಮಾನಕದ ಸ್ಥಳಾಕೃತಿ ನಕ್ಷೆಗಳಲ್ಲಿ ಎರಡು ಸೆಂ.ಮೀ. ಎಂದರೆ ನೆಲದ ಮೇಲೆ ಒಂದು ಕಿ.ಮೀ. ಅವುಗಳಲ್ಲಿ ಸಮೋನ್ನತಿ ರೇಖೆಗಳಿಗೆ ಕಂದು, ನೀರಿಗೆ ನೀಲಿ, ಕಾಡಿಗೆ ಹಸಿರು, ಸಾಗುವಳಿ ಭೂಮಿಗೆ ಹಳದಿ, ಜನವಸತಿ ಮತ್ತು ರಸ್ತೆಗಳಿಗೆ ಕೆಂಪು ಬಣ್ಣಗಳನ್ನು ಬಳಸಲಾಗುತ್ತದೆ. ಇಸ್ರೊ ಸಂಸ್ಥೆಯು 2009ರಲ್ಲಿ ಆರಂಭಿಸಿದ 'ಭುವನ್' ತಾಣದಲ್ಲಿ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ನೋಡಬಹುದು. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿ ಕೋಲ್ಕತ್ತಾದ ರಾಷ್ಟ್ರೀಯ ಭೂಪಟ ಸಂಸ್ಥೆ ನ್ಯಾಟ್‌ಮೊ ಬ್ರೈಲ್ ಭೂಪಟಗಳನ್ನು ಸಿದ್ಧಪಡಿಸಿದೆ. ಶಾಲೆಯಲ್ಲಿಯೇ ದಾರ, ಮರಳು, ಕಾಳುಗಳನ್ನು ಅಂಟಿಸಿ ಸ್ಪರ್ಶ ನಕ್ಷೆಗಳನ್ನು ತಯಾರಿಸಿಕೊಳ್ಳುವುದೂ ಸಾಧ್ಯ.

ಚಪ್ಪಟೆ ನಕ್ಷೆಯು ಗೋಳಾಕಾರದ ಭೂಮಿಯನ್ನು ಯಥಾವತ್ತಾಗಿ ತೋರಿಸಲಾರದು. 1569ರ ಮರ್ಕೇಟರ್ ಪ್ರಕ್ಷೇಪದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತವೆ. ವಾಸ್ತವದಲ್ಲಿ ಆಫ್ರಿಕ ಖಂಡವು ಸುಮಾರು 14 ಪಟ್ಟು ದೊಡ್ಡದು. ಆದುದರಿಂದ ಗೋಡೆಯ ನಕ್ಷೆಯೊಂದಿಗೆ ಭೂಗೋಳದ ಮಾದರಿಯನ್ನೂ ಬಳಸುವುದು ಅಗತ್ಯ.

ಕ್ಷೇತ್ರ ಅಧ್ಯಯನ

ತರಗತಿಯಲ್ಲಿ ಕಲಿತದ್ದನ್ನು ನೆಲದ ಮೇಲೆ ಪರೀಕ್ಷಿಸುವ ಕ್ರಮಕ್ಕೆ ಕ್ಷೇತ್ರ ಅಧ್ಯಯನ ಎನ್ನುತ್ತಾರೆ. ಇದು ಪ್ರವಾಸಕ್ಕಿಂತ ಭಿನ್ನವಾದುದು. ಹೊರಡುವ ಮುನ್ನ ಒಂದು ಪ್ರಶ್ನೆ, ಸ್ಥಳದಲ್ಲಿ ಅಳತೆ ಮತ್ತು ಟಿಪ್ಪಣಿ, ಮರಳಿದ ಮೇಲೆ ನಕ್ಷೆ ಹಾಗೂ ವರದಿ ಇರಬೇಕು. ದೂರದ ಊರಿಗೇ ಹೋಗಬೇಕೆಂದಿಲ್ಲ. ಊರಿನ ಕೆರೆಯೊಂದರಲ್ಲಿಯೇ ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು, ಒತ್ತುವರಿಗಳನ್ನು ಗುರುತಿಸಬಹುದು. ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ ಎಂದು ಹುಡುಕಿದರೆ ಜಲಾನಯನ ಪ್ರದೇಶದ ಕಲ್ಪನೆ ಮೂಡುತ್ತದೆ. ನೀರನ್ನು ಯಾರು ಹಂಚುತ್ತಿದ್ದರು, ಕೆರೆಯ ಬದಲು ಕೊಳವೆ ಬಾವಿಗಳು ಯಾವಾಗ ಬಂದವು ಎಂಬ ಪ್ರಶ್ನೆಗಳು ಮಾನವ ಭೂಗೋಳಕ್ಕೆ ಸೇರುತ್ತವೆ. ಪೋಷಕರ ಒಪ್ಪಿಗೆ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಮತ್ತು ನೀರಿನ ಅಂಚಿನಲ್ಲಿ ಎಚ್ಚರಿಕೆ ಕಡ್ಡಾಯ.

ಸಾಮಾನ್ಯ ತಪ್ಪು ಗ್ರಹಿಕೆಗಳು

ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಬರುತ್ತದೆ ಎಂಬುದು ಬಹು ವ್ಯಾಪಕವಾದ ತಪ್ಪು ತಿಳಿವಳಿಕೆ. ವಾಸ್ತವದಲ್ಲಿ ಭೂಮಿ ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿಯೂ, ಜುಲೈ ಮೊದಲ ವಾರದಲ್ಲಿ ಅತಿ ದೂರ, ಅಂದರೆ ಸುಮಾರು 15.2 ಕೋಟಿ ಕಿ.ಮೀ. ದೂರದಲ್ಲಿಯೂ ಇರುತ್ತದೆ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ವಾಲುವಿಕೆ.

ನದಿಗಳು ಹತ್ತಿರದ ಸಮುದ್ರಕ್ಕೆ ಹರಿಯುತ್ತವೆ ಎಂಬ ಭಾವನೆಯೂ ಸಾಮಾನ್ಯ. ಆಗುಂಬೆ ಘಟ್ಟದ ಪಶ್ಚಿಮ ಇಳಿಜಾರಿಗೆ ಬಿದ್ದ ಮಳೆನೀರು ಸೀತಾನದಿಯ ಮೂಲಕ ಅರಬ್ಬಿ ಸಮುದ್ರ ಸೇರಿದರೆ, ಪೂರ್ವಕ್ಕೆ ಬಿದ್ದ ನೀರು ತುಂಗಾ, ತುಂಗಭದ್ರಾ, ಕೃಷ್ಣಾ ನದಿಗಳ ಮೂಲಕ ದಖ್ಖನ್ ಪ್ರಸ್ಥಭೂಮಿಯನ್ನು ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ಹರಿವನ್ನು ನಿರ್ಧರಿಸುವುದು ಭೂಮಿಯ ಇಳಿಜಾರು.

ಹವಾಮಾನ ಮತ್ತು ವಾಯುಗುಣ ಒಂದೇ ಎಂಬುದು ಮತ್ತೊಂದು ಗೊಂದಲ. ಇಂದಿನ ಅಥವಾ ಈ ವಾರದ ವಾಯುಮಂಡಲದ ಸ್ಥಿತಿ ಹವಾಮಾನ. ಅನೇಕ ವರ್ಷಗಳ, ಸಾಮಾನ್ಯವಾಗಿ 30 ವರ್ಷಗಳ, ಸರಾಸರಿ ಸ್ಥಿತಿ ವಾಯುಗುಣ. ಒಂದು ವರ್ಷದ ಚಳಿಯನ್ನು ನೋಡಿ ವಾಯುಗುಣ ಬದಲಾವಣೆಯನ್ನು ಅಲ್ಲಗಳೆಯುವ ವಾದಗಳು ಈ ಗೊಂದಲದಿಂದಲೇ ಹುಟ್ಟುತ್ತವೆ.

ಮೌಲ್ಯಮಾಪನ

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಹಂತದಲ್ಲಿ ಸಮಾಜ ವಿಜ್ಞಾನಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಅಂಕಗಳ ಆಂತರಿಕ ಮೌಲ್ಯಮಾಪನ ಇದೆ. ಭಾರತದ ನಕ್ಷೆ ಬರೆದು ಸ್ಥಳಗಳನ್ನು ಗುರುತಿಸುವುದು ಪರಿಚಿತ ಪ್ರಶ್ನೆ. ಪ್ರಶ್ನೆಯ ಸ್ವರೂಪವು ಕಲಿಕೆಯ ಸ್ವರೂಪವನ್ನು ರೂಪಿಸುತ್ತದೆ. 'ಆರೋಹ ಮಳೆ ಎಂದರೇನು?' ಎಂಬ ಪ್ರಶ್ನೆಗೆ ನೆನಪು ಸಾಕು. 'ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೂ ಬೇಸಿಗೆಯಲ್ಲಿ ನೀರಿನ ಕೊರತೆ ಏಕೆ ಬರಬಹುದು?' ಎಂಬ ಪ್ರಶ್ನೆಗೆ ಮಳೆಯ ಕಾಲಾವಧಿ, ಕಡಿದಾದ ಇಳಿಜಾರು, ಚಿಕ್ಕ ನದಿಗಳು, ನಗರದ ಬೇಡಿಕೆ ಇವೆಲ್ಲವನ್ನೂ ಜೋಡಿಸಿ ಯೋಚಿಸಬೇಕು. ಆಂತರಿಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಮಳೆ ದಾಖಲೆ, ಭೂಬಳಕೆ ನಕ್ಷೆ, ಸಂದರ್ಶನ ವರದಿಗಳಿಗೆ ಸ್ಥಾನ ನೀಡಬಹುದು.

ಬೋಧನೆಯ ತೊಡಕುಗಳು

ಸಮಾಜ ವಿಜ್ಞಾನವನ್ನು ಸಾಮಾನ್ಯವಾಗಿ ಒಬ್ಬರೇ ಶಿಕ್ಷಕರು ಬೋಧಿಸುತ್ತಾರೆ. ಪದವಿಯಲ್ಲಿ ಇತಿಹಾಸ ಅಥವಾ ಅರ್ಥಶಾಸ್ತ್ರ ಓದಿದವರಿಗೆ ಮಾರುತ, ಪ್ರಕ್ಷೇಪ, ಸಮೋನ್ನತಿ ರೇಖೆಗಳ ಪಾಠ ಕಷ್ಟವಾಗುವುದುಂಟು. ವಿಜ್ಞಾನ ಶಿಕ್ಷಕರೊಂದಿಗೆ ಕೂಡಿ ಪಾಠ ಯೋಜನೆ ಮಾಡುವುದು ಇದಕ್ಕೊಂದು ಪರಿಹಾರ. ವಾರದ ಅವಧಿಗಳ ಮಿತಿ, ಹಳೆಯ ಗೋಡೆ ನಕ್ಷೆಗಳು, ಪರೀಕ್ಷೆಯ ಒತ್ತಡಗಳು ಇತರ ತೊಡಕುಗಳು. ಪಾರಿಭಾಷಿಕ ಪದಗಳೂ ಅಡ್ಡಿಯಾಗುತ್ತವೆ. ಆದರೆ ಗ್ರಾಮೀಣ ವಿದ್ಯಾರ್ಥಿಗಳಿಗೆ ಎರೆ ಭೂಮಿ, ಮಸಬು, ಮುಂಗಾರು, ಹಿಂಗಾರು, ಮಳೆ ನಕ್ಷತ್ರಗಳಂತಹ ಪದಗಳು ಮನೆಯಿಂದಲೇ ಗೊತ್ತಿರುತ್ತವೆ. ಕಪ್ಪು ಮಣ್ಣಿನ ಪಾಠವನ್ನು 'ಎರೆ' ಎಂಬ ಪದದಿಂದ ಆರಂಭಿಸಿದರೆ, ಅದು ಬೇಸಿಗೆಯಲ್ಲಿ ಬಿರುಕು ಬಿಡುವುದನ್ನೂ ತೇವವನ್ನು ಹಿಡಿದಿಡುವುದನ್ನೂ ವಿದ್ಯಾರ್ಥಿಗಳೇ ವಿವರಿಸಬಲ್ಲರು.

ಸಾಮಾಜಿಕ ಮಹತ್ವ

ಭೂಗೋಳದ ಅರಿವು ಪ್ರಾಣರಕ್ಷಕವೂ ಆಗಬಲ್ಲದು. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ದ್ವೀಪದ ಮೈ ಖಾವ್ ಕಡಲತೀರದಲ್ಲಿದ್ದ ಇಂಗ್ಲೆಂಡಿನ 10 ವರ್ಷದ ಬಾಲಕಿ ಟಿಲ್ಲಿ ಸ್ಮಿತ್, ಸಮುದ್ರದ ನೀರು ನೊರೆಯೇಳುತ್ತಿರುವುದನ್ನು ಗಮನಿಸಿದಳು. ಎರಡು ವಾರಗಳ ಹಿಂದೆ ಭೂಗೋಳ ತರಗತಿಯಲ್ಲಿ ಕಲಿತ ಸುನಾಮಿಯ ಲಕ್ಷಣಗಳು ಅವಳಿಗೆ ನೆನಪಾದವು. ಅವಳ ಎಚ್ಚರಿಕೆಯಿಂದ ಸುಮಾರು 100 ಜನರು ಸಕಾಲದಲ್ಲಿ ತೀರದಿಂದ ದೂರ ಸರಿದರು. ಅದೇ ದಿನ ಇಂಡೊನೇಷ್ಯದ ಸಿಮೆಯುಲು ದ್ವೀಪದಲ್ಲಿ, 1907ರ ಸುನಾಮಿಯ ನಂತರ ತಲೆಮಾರುಗಳಿಂದ 'ಸ್ಮಾಂಗ್' ಎಂಬ ಹೆಸರಿನಲ್ಲಿ ಹೇಳಿಕೊಂಡು ಬಂದಿದ್ದ ಕಥನದಿಂದಾಗಿ, ಭೂಮಿ ನಡುಗಿದೊಡನೆ ಜನರು ಗುಡ್ಡಗಳಿಗೆ ಓಡಿದರು. ಸುಮಾರು 78,000 ಜನಸಂಖ್ಯೆಯ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ಶಾಲೆಯ ಪಾಠವಾಗಲಿ, ಅಜ್ಜಿಯ ಕಥೆಯಾಗಲಿ, ಎರಡೂ ಭೂಗೋಳ ಶಿಕ್ಷಣದ ರೂಪಗಳೇ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿಯೂ 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿಯೂ ಸಂಭವಿಸಿದ ಭೂಕುಸಿತಗಳಲ್ಲಿ ಅತಿವೃಷ್ಟಿ, ಕಡಿದಾದ ಇಳಿಜಾರು ಮತ್ತು ಸಡಿಲ ಮಣ್ಣು ಪ್ರಾಕೃತಿಕ ಅಂಶಗಳು. ಬೆಟ್ಟದ ಬುಡವನ್ನು ಕಡಿದು ರಸ್ತೆ, ಮನೆ ಕಟ್ಟುವುದು, ನೀರು ಹರಿಯುವ ದಾರಿಗಳನ್ನು ಮುಚ್ಚುವುದು ಅಪಾಯವನ್ನು ಹೆಚ್ಚಿಸುವ ಮಾನವ ಅಂಶಗಳು. ಎರಡನ್ನೂ ಕೂಡಿಸಿ ನೋಡಬಲ್ಲ ವಿದ್ಯಾರ್ಥಿಯು ಮುಂದೆ ಮನೆ ಕಟ್ಟುವಾಗ ಇಳಿಜಾರನ್ನು ನೋಡುತ್ತಾನೆ, ನಿವೇಶನ ಕೊಳ್ಳುವಾಗ ಅದು ಹಳೆಯ ಕೆರೆಯ ಅಂಗಳವೇ ಎಂದು ವಿಚಾರಿಸುತ್ತಾನೆ, ಗ್ರಾಮಸಭೆಯಲ್ಲಿ ಕೊಳವೆ ಬಾವಿಯ ಬಗ್ಗೆ ಆಧಾರಸಹಿತವಾಗಿ ಮಾತನಾಡುತ್ತಾನೆ. ಪ್ರೌಢಶಾಲೆಯ ನಂತರ ಬಹುಪಾಲು ವಿದ್ಯಾರ್ಥಿಗಳು ಭೂಗೋಳವನ್ನು ಒಂದು ವಿಷಯವಾಗಿ ಓದುವುದಿಲ್ಲ. ಆದುದರಿಂದ 10ನೇ ತರಗತಿಯವರೆಗಿನ ಪಾಠಗಳೇ ಹೆಚ್ಚಿನವರಿಗೆ ಈ ವಿಷಯದ ಕೊನೆಯ ಔಪಚಾರಿಕ ಶಿಕ್ಷಣವಾಗಿವೆ.